ಬೇಡದ ಮಾತ್ರೆಗಳ ಪೆಟ್ಟಿಗೆ

"ಮೊದಲು ನಿಮ್ಮ ಬೀಗ ತೆಗೀರಿ, ಚೀಫ್," ಎಂದಳು ರೊವೀನಾ.

ಮಾರ್ಲಿಸ್ ಹೆಗ್ ಬೀಗದ ಕೈ ತಿರುಗಿಸಿದಳು. ಮಾಜಿ ಸೈನಿಕರ ಆಸ್ಪತ್ರೆಯ ಮುಂಬಾಗಿಲಿನ ಪಕ್ಕ, ಸೈನ್ಯದ ಐದು ಪಡೆಗಳ ಧ್ವಜಗಳ ಕೆಳಗೆ ನಿಂತಿದ್ದ ಆ ಹಸಿರು ಕಬ್ಬಿಣದ ಪೆಟ್ಟಿಗೆ ನೋಡಲು ಅಂಚೆ ಡಬ್ಬಿಯ ದೊಡ್ಡಣ್ಣನ ಹಾಗಿತ್ತು. ಮನೆಯಲ್ಲಿ ಉಳಿದುಹೋದ, ಬೇಡವಾದ ಮಾತ್ರೆಗಳನ್ನು ಮಾಜಿ ಸೈನಿಕರು ತಂದು ಅದರ ಬಾಯಿಗೆ ಹಾಕಿ ಹೋಗುತ್ತಿದ್ದರು. ತುಂಬಿದ ಮೇಲೆ ಔಷಧ ವಿಭಾಗದ ಇಬ್ಬರು ಎರಡು ಬೇರೆ ಬೇರೆ ಬೀಗದ ಕೈ ಹಿಡಿದು ಬರಬೇಕು, ಒಳಗಿನ ಚೀಲದ ಬಾಯಿ ಬಿಗಿದು ಮುದ್ರೆ ಹಾಕಿ ಸುಡಲು ಕಳಿಸಬೇಕು. ಒಳಗೇನಿದೆ ಎಂದು ನೋಡಬಾರದು, ಕೈಯಾಡಿಸಬಾರದು. ವಿಭಾಗದ ನಲವತ್ತೊಂದು ಜನರಿಗೆ ಈ ನಿಯಮವನ್ನು ವರ್ಷಕ್ಕೊಮ್ಮೆ ಓದಿ ಹೇಳಿ ಸಹಿ ಹಾಕಿಸಿಕೊಳ್ಳುತ್ತಿದ್ದವಳು ಮಾರ್ಲಿಸ್ಸೇ.

ವಿಭಾಗದ ಮುಖ್ಯಸ್ಥೆ ಮಾಡಬೇಕಾದ ಕೆಲಸವಲ್ಲ ಇದು. ರೊವೀನಾಳ ಜೊತೆ ಬರಬೇಕಾದವಳು ರಜೆಯಲ್ಲಿದ್ದಾಳೆ ಎಂದು ತಿಳಿದಾಗ ಮಾರ್ಲಿಸ್ ತಾನೇ ಮುಂದಾಗಿ, "ನಾನು ಬರ್ತೀನಿ ಬಿಡು," ಎಂದಿದ್ದಳು. ಚೀಲ ಬಿಗಿಯಲು ಇಪ್ಪತ್ತು ನಿಮಿಷ ಬೇಕು. ಇಪ್ಪತ್ತು ನಿಮಿಷ ಒಬ್ಬರ ಪಕ್ಕದಲ್ಲಿ ನಿಂತಿರಬಹುದು. ಐದು ವರ್ಷದ ಹಿಂದೆ ಚೀಫ್ ಆದಾಗಿನಿಂದ ಅವಳಿಗೆ ಅಷ್ಟು ಹೊತ್ತು ಸಿಕ್ಕುವುದು ಸಭೆಗಳಲ್ಲಿ ಮಾತ್ರ. ಊಟದ ಕೋಣೆಗೆ ಅವಳು ಕಾಲಿಟ್ಟರೆ ಮಾತು ನಿಲ್ಲುತ್ತಿತ್ತು. ಒಬ್ಬೊಬ್ಬರಾಗಿ ಕಾಫಿ ಲೋಟ ಹಿಡಿದು ಎದ್ದು ಹೋಗುತ್ತಿದ್ದರು. ಯಾರಿಗೂ ಅವಳ ಮೇಲೆ ಕೋಪವಿರಲಿಲ್ಲ. ಅವಳು ಚೀಫ್, ಅಷ್ಟೇ. ಆಮೇಲೆ ಅವಳು ಬುತ್ತಿಯನ್ನು ತನ್ನ ಕೋಣೆಯಲ್ಲೇ ಬಿಚ್ಚತೊಡಗಿದಳು. ಮನೆಯಲ್ಲೂ ಇನ್ನೊಂದು ತಟ್ಟೆ ಇಡುವ ಪ್ರಸಂಗವಿರಲಿಲ್ಲ. ಗಂಡ ಬಿಟ್ಟು ಹೋಗಿ ಒಂಬತ್ತು ವರ್ಷ, ನಾಯಿ ಸತ್ತು ಎರಡು ವರ್ಷ.

ರೊವೀನಾ ತನ್ನ ಬೀಗವನ್ನೂ ತೆಗೆದಳು. ಚೀಲ ಬಾಯಿಯವರೆಗೂ ತುಂಬಿತ್ತು. ಎಲ್ಲಕ್ಕಿಂತ ಮೇಲೆ ಒಂದು ಬಿಳಿ ಕಾಗದದ ಪೊಟ್ಟಣ ಕೂತಿತ್ತು. ಅವರದೇ ಔಷಧದ ಕಿಟಕಿಯಲ್ಲಿ ಕೊಟ್ಟ ಪೊಟ್ಟಣ. ಹೊಡೆದ ಪಿನ್ನು ಕೂಡ ಬಿಚ್ಚಿರಲಿಲ್ಲ. ಅದರ ಮೇಲಿನ ಚೀಟಿ ಮಾರ್ಲಿಸ್‌ಳ ಕಡೆಗೇ ಮುಖ ಮಾಡಿತ್ತು: ಸ್ಲೆಟನ್, ಡ್ವೇನ್.

ಅವಳ ಕೈ ನಿಂತಿತು. ರೊವೀನಾ ಅವಳ ಕಣ್ಣು ಹೋದ ಕಡೆ ನೋಡಿದಳು, ಮತ್ತೆ ಥಟ್ಟನೆ ಧ್ವಜಗಳ ಕಡೆ ತಿರುಗಿದಳು.

"ನೀವು ನೋಡಿಲ್ಲ ಚೀಫ್. ನಾನೂ ನೋಡಿಲ್ಲ. ಹಗ್ಗ ಎಳೀರಿ."

ಮಾರ್ಲಿಸ್ ಎಳೆದಳು.

ಕೋಣೆಗೆ ಬಂದವಳು ಕೋಟು ಸಹ ಬಿಚ್ಚದೆ ಡ್ವೇನನ ದಾಖಲೆ ತೆರೆದಳು. ಅವನ ಹೆಸರು ಬೇಕಿರಲಿಲ್ಲ. ಸೇವಾ ಸಂಖ್ಯೆಯ ಕೊನೆಯ ನಾಲ್ಕು ಅಂಕಿ ಅವಳಿಗೆ ಬಾಯಿಪಾಠವಾಗಿತ್ತು. ಇಲ್ಲಿ ಎಲ್ಲರನ್ನೂ ಕೇಳುವುದು ಆ ನಾಲ್ಕು ಅಂಕಿಯನ್ನೇ. ಅವಳು ಮೂರನೇ ಕಿಟಕಿಯಲ್ಲಿ ನಿಲ್ಲುತ್ತಿದ್ದ ಹನ್ನೊಂದು ವರ್ಷ ಅವನು ತಿಂಗಳಿಗೊಮ್ಮೆ ಬಂದು ಆ ಅಂಕಿ ಹೇಳುತ್ತಿದ್ದ, ಹೇಳಿದ ಮೇಲೆ ಅರ್ಧ ಗಂಟೆ ಹೋಗುತ್ತಿರಲಿಲ್ಲ. ವಿಯೆಟ್ನಾಂನಲ್ಲಿ ಲಾರಿ ಓಡಿಸಿದವನು. ನಿದ್ದೆಯಲ್ಲಿ ಕಿರುಚುತ್ತಾನೆ, ಕಾಲು ಝಾಡಿಸುತ್ತಾನೆ, ಎರಡು ಸಲ ಮಂಚದಿಂದ ಬಿದ್ದಿದ್ದಾನೆ ಎಂದು ಗೊತ್ತಾದಾಗ ಡಾಕ್ಟರ ಬೆನ್ನು ಹತ್ತಿ ಅವನಿಗೆ ಕನಸಿನ ಮಾತ್ರೆ ಬರೆಸಿದವಳು ಅವಳೇ. ಅದು ಮೂಲತಃ ರಕ್ತದೊತ್ತಡದ ಮಾತ್ರೆ. ರಾತ್ರಿ ತೆಗೆದುಕೊಂಡರೆ ಕೆಟ್ಟ ಕನಸು ತಗ್ಗುತ್ತದೆ. ಒಂದು ಮಿಲಿಗ್ರಾಂನಿಂದ ಶುರು ಮಾಡಿ, ಮೆಲ್ಲಗೆ ಏರಿಸಿ, ಹತ್ತಕ್ಕೆ ತಂದಾಗ ಅವನು ಇಡೀ ರಾತ್ರಿ ಮಲಗಿದ. ಮಾರ್ಲಿಸ್ ಆ ದಿನ ಕುಣಿದಾಡುವುದೊಂದು ಬಾಕಿ. ಚೀಫ್ ಆದ ಮೇಲೂ ವಾರ್ಷಿಕ ಸಭೆಯಲ್ಲಿ, ಹೆಸರು ಹೇಳದೆ, ಈ ಕಥೆಯನ್ನು ಹೇಳದೆ ಬಿಟ್ಟ ವರ್ಷವಿಲ್ಲ.

ದಾಖಲೆಯ ಪ್ರಕಾರ ಎಲ್ಲವೂ ಸರಿಯಾಗಿತ್ತು. ಪ್ರತಿ ತಿಂಗಳೂ ತಪ್ಪದೆ ಮಾತ್ರೆ ಒಯ್ದಿದ್ದಾನೆ. ರಾತ್ರಿಗೆ ಹತ್ತು ಮಿಲಿಗ್ರಾಂ. ಕೆಳಗೆ ಹೊಸದಾಗಿ ಇನ್ನೊಂದು ಸಾಲು ಸೇರಿತ್ತು: ಸೊಂಟದ ಕೀಲು ಬದಲಿಸುವ ಶಸ್ತ್ರಚಿಕಿತ್ಸೆ, ಹದಿನಾರು ದಿನಕ್ಕೆ.

ವಾರ್ಡಿನ ನರ್ಸು ದಾಖಲೆ ನೋಡಿ ಹತ್ತು ಮಿಲಿಗ್ರಾಂ ಕೊಡುತ್ತಾಳೆ. ಕಡಿಮೆಯೆಂದರೂ ಒಂದು ತಿಂಗಳು ಆ ಮಾತ್ರೆ ಮುಟ್ಟದ ಮೈಗೆ ಒಮ್ಮೆಲೇ ಹತ್ತು. ರಕ್ತದೊತ್ತಡ ಕುಸಿಯುತ್ತದೆ, ಎದ್ದು ನಿಂತವನು ಅಲ್ಲೇ ಬೀಳುತ್ತಾನೆ. ಎಪ್ಪತ್ತಾರು ವರ್ಷದವನು, ಹೊಸ ಕೀಲಿನ ಮೇಲೆ. ಏಳದೆಯೂ ಹೋಗಬಹುದು.

ಮಾತ್ರೆಯನ್ನೇ ನಿಲ್ಲಿಸಿಬಿಟ್ಟರೆ? ನಿದ್ದೆಯಲ್ಲಿ ಕಾಲು ಝಾಡಿಸಿದನೆಂದರೆ ಕೀಲು ಕಳಚಿಕೊಳ್ಳುತ್ತದೆ.

ಡ್ವೇನನನ್ನು ನಾಳೆಯೇ ಕರೆಸಲು ಅವಳು ಫೋನ್ ಎತ್ತಿದಳು.

ಮಾರನೆಯ ದಿನ ಹತ್ತು ಗಂಟೆಗೆ ಸ್ವಯಂಸೇವಕರ ವ್ಯಾನು ದೂರದ ಊರುಗಳ ಮುದುಕರನ್ನು ಬಾಗಿಲಲ್ಲಿ ಇಳಿಸಿತು. ಹೊರಗೆ ದಕೋಟಾ ಬಯಲಿನ ಗಾಳಿ ಕಾರುಗಳ ಬಾಗಿಲು ಕಿತ್ತುಕೊಳ್ಳುವಂತೆ ಬೀಸುತ್ತಿತ್ತು. ಡ್ವೇನ್ ಕೋಲೂರಿಕೊಂಡು, ತನ್ನ ಲಾರಿ ದಳದ ಟೋಪಿಯನ್ನು ಒಂದು ಕೈಯಲ್ಲಿ ಒತ್ತಿ ಹಿಡಿದುಕೊಂಡು ಬಂದ.

"ಏನಮ್ಮಾ, ದೊಡ್ಡೋರು ಖುದ್ದು ಕೆಳಗಿಳಿದು ಬಂದ್ಬಿಟ್ಟಿದ್ದೀರಿ? ಯಾರು ಸತ್ರು?"

"ಯಾರೂ ಸತ್ತಿಲ್ಲ. ಬನ್ನಿ ಡ್ವೇನ್, ಒಳಗೆ ಕೂತ್ಕೊಂಡು ಮಾತಾಡೋಣ."

"ಒಳಗೆ ಕರ್ದು ಕೂರಿಸಿದ್ರೆ ಒಳ್ಳೆ ಸುದ್ದಿ ಇರಲ್ಲ. ಸೈನ್ಯದಲ್ಲೂ ಹಂಗೇ ಇತ್ತು."

ಕಿಟಕಿಯ ಪಕ್ಕದ ಪುಟ್ಟ ಕೋಣೆಯಲ್ಲಿ ಎರಡು ಕುರ್ಚಿ ಮಾತ್ರ ಹಿಡಿಯುತ್ತಿದ್ದವು. ಅವನು ಕೋಲನ್ನು ಮೊಣಕಾಲುಗಳ ನಡುವೆ ನಿಲ್ಲಿಸಿಕೊಂಡು ಕೂತ. ಸುತ್ತಿ ಬಳಸಿ ಹೇಳುವುದು ಅವಳಿಗೆ ಬರುತ್ತಿರಲಿಲ್ಲ.

"ಪೆಟ್ಟಿಗೇಲಿ ನಿಮ್ಮ ಮಾತ್ರೆ ನೋಡ್ದೆ. ಪೊಟ್ಟಣ ಬಿಚ್ಚೇ ಇರ್ಲಿಲ್ಲ."

"ಅದರೊಳಗೆ ಇಣುಕಬಾರ್ದು ಅಂತ ರೂಲಿದೆ, ಅಲ್ವಾ?"

"ಇದೆ."

"ಹಂಗಾದ್ರೆ ತಪ್ಪು ಇಬ್ರದೂ ಆಯ್ತು."

"ಎಷ್ಟು ದಿನದಿಂದ, ಡ್ವೇನ್?"

"ಹೋದ ವರ್ಷ ಸೆಪ್ಟೆಂಬರಿಂದ. ಮೊದ್ಲು ಮನೇಲೇ ಕಸಕ್ಕೆ ಹಾಕ್ದೆ. ರಕೂನ್ ಬಂದು ಡಬ್ಬ ಉರುಳಿಸಿ ಅಷ್ಟನ್ನೂ ತಿಂದು, ನನ್ನ ವರಾಂಡದಲ್ಲೇ ಮಧ್ಯಾಹ್ನದವರೆಗೆ ಬಿದ್ಕೊಂಡಿತ್ತು. ಕನಸು ಬಿತ್ತೋ ಇಲ್ವೋ, ಅದು ಹೇಳ್ಲಿಲ್ಲ. ಪಾಪ ಅನ್ನಿಸ್ತು. ಆಮೇಲೆ ನೋಡಿದ್ರೆ ನಿಮ್ಮ ಪೆಟ್ಟಿಗೆ ಮೇಲೇ ಬರ್ದಿದೆ, ಬೇಡದ ಮಾತ್ರೆ ಇಲ್ಲಿ ಹಾಕಿ ಅಂತ. ನಂಗೆ ಬೇಡ. ಹಾಕ್ದೆ."

ಬೇರೆ ದಿನವಾಗಿದ್ದರೆ ಅವಳು ನಗುತ್ತಿದ್ದಳು. "ಬೇಡ ಅಂತ ನಂಗೆ ಒಂದು ಮಾತು ಹೇಳಬಹುದಿತ್ತಲ್ಲ?"

"ಹೆಂಗೆ ಹೇಳ್ಲಿ? ನಾನು ಒಂದು ರಾತ್ರಿ ನಿದ್ದೆ ಮಾಡಿದ್ದಕ್ಕೆ ನೀನು ಕೇಕ್ ತಂದಿದ್ದೆ. ಕಿಟಕಿಯೋರಿಗೆಲ್ಲ ಹಂಚಿದ್ದೆ. ಆಮೇಲೆ ಬಂದು ನಂಗೆ ಬೇಡ ಕಣಮ್ಮ ಅನ್ನಕ್ಕಾಗುತ್ತಾ? ಮಾತ್ರೆ ನಿಲ್ಸಿದ್ರೆ ಇಲ್ಲಿಗೆ ಬರೋದಕ್ಕೂ ನೆಪ ಇರಲ್ಲ. ನೀನು ಮೇಲಕ್ಕೆ ಹೋಗಿ ಕೂತೆ, ಆದ್ರೂ ನಾನು ಬಂದ ದಿನ ನಿನ್ನ ಕೋಣೆ ಗಾಜಿನ ಹಿಂದಿಂದ ಕೈ ಬೀಸ್ತೀಯ."

ಅದು ನಿಜ. ಈ ಕಟ್ಟಡದಲ್ಲಿ ಅವಳನ್ನು ಹೆಸರು ಹಿಡಿದು, ನೀನು ಎಂದು ಕರೆಯುತ್ತಿದ್ದವನು ಇವನೊಬ್ಬನೇ.

"ಯಾಕೆ ಬೇಡ? ನಿದ್ದೆ ಬಂತಲ್ಲ?"

ಡ್ವೇನ್ ಟೋಪಿ ತೆಗೆದು ಅದರ ಅಂಚನ್ನು ಬೆರಳಲ್ಲಿ ಸುತ್ತುತ್ತಾ ಕೂತ.

"ಬಂತು. ಅವ್ರು ಬರೋದು ನಿಲ್ತು." ಅವನ ದನಿ ಒಡೆಯಲಿಲ್ಲ, ವ್ಯಾನಿನ ವೇಳೆ ಹೇಳುವವನ ಹಾಗೆ ಹೇಳುತ್ತಾ ಹೋದ. "ಕನಸಲ್ಲಿ ಕೊನೆಗೆ ಅವ್ರಿರೋ ಮುಂದಿನ ಲಾರಿ ಸಿಡಿದು ಹಾರೋಗುತ್ತೆ. ಅದು ನಾನು ಎಲ್ಲಾ ಡಾಕ್ಟರಿಗೂ ಹೇಳಿದ್ದೀನಿ. ಅದಕ್ಕೆ ಮೊದ್ಲು ಹತ್ತು ನಿಮಿಷ ಇದೆ, ಅದನ್ನ ಯಾರೂ ಕೇಳ್ಲಿಲ್ಲ. ರಸ್ತೆ ಪಕ್ಕ ನಿಲ್ಸಿರ್ತೀವಿ. ನಾನು, ಕ್ಲೀಟಸ್, ಪುಟ್ನಮ್, ಆಮೇಲೆ ಒಹಾಯೋದ ಒಬ್ಬ, ಅವನ ಹೆಸರು ಕೇಳೋಷ್ಟು ದಿನ ಇರ್ಲಿಲ್ಲ. ಒಂದು ಡಬ್ಬಿ ಪೀಚ್ ಹಣ್ಣು, ಸಕ್ಕರೆ ಪಾಕದ್ದು. ಒಂದೇ ಚಮಚ. ಒಬ್ಬ ತಿಂದು, ಪ್ಯಾಂಟಿಗೆ ಒರೆಸಿ, ಇನ್ನೊಬ್ಬನಿಗೆ ಕೊಡ್ತಾನೆ. ಕ್ಲೀಟಸ್ ಯಾವಾಗ್ಲೂ ಎರಡು ಸಲ ತಿಂದ್ಬಿಡ್ತಾನೆ. ಐವತ್ತೈದು ವರ್ಷದಿಂದ ಎರಡು ಸಲ ತಿಂತಾನೇ ಇದ್ದಾನೆ, ಕಳ್ಳ."

ಮಾರ್ಲಿಸ್ ಕೈಯಲ್ಲಿದ್ದ ಪೆನ್ನಿಗೆ ಮುಚ್ಚಳ ಹಾಕಿದಳು.

"ನಿನ್ನ ಮಾತ್ರೆ ಒಳ್ಳೇದೇ ಮಾರ್ಲಿಸ್. ಲಾರೀನೂ ಬರಲ್ಲ, ಪೀಚೂ ಬರಲ್ಲ. ಬೆಳಿಗ್ಗೆ ಎದ್ರೆ ಮನೇಲಿ ನಾನು, ಹೊರಗೆ ಜೋಳದ ಹೊಲ. ಹೆಂಡತಿ ಸತ್ತ ಮೇಲೆ ನನ್ನ ಮನೆಗೆ ಬರೋರು ಅಂದ್ರೆ ಅವ್ರು ಮೂವರೇ."

ಅವಳಿಗೆ ದುಃಖವಾಯಿತು, ಅದರ ಹಿಂದೆಯೇ ನಾಚಿಕೆಯೂ ಆಯಿತು. ಐದು ವರ್ಷ ಅವಳು ಗೆಲುವೆಂದು ಹೇಳಿಕೊಂಡು ತಿರುಗಿದ್ದು ಇದನ್ನು. ಆದರೂ ಹೇಳಬೇಕಾದ್ದನ್ನು ಹೇಳಿದಳು: ವಾರ್ಡಿನಲ್ಲಿ ಹತ್ತು ಕೊಟ್ಟರೆ ಏನಾಗುತ್ತದೆ, ಏನೂ ಕೊಡದಿದ್ದರೆ ಹೊಸ ಕೀಲಿಗೆ ಏನಾಗುತ್ತದೆ. "ಇವತ್ತಿಂದ್ಲೇ ಒಂದರಿಂದ ಶುರು ಮಾಡ್ಬೇಕು. ಆಪರೇಷನ್ ಆದ್ಮೇಲೆ ಆರು ವಾರ ನೀವು ರಾತ್ರಿ ಕಾಲು ಝಾಡಿಸದೆ ಮಲಗ್ಬೇಕು. ಆಮೇಲೆ ಬೇಡ ಅಂದ್ರೆ ನಾನೇ ನಿಲ್ಲಿಸ್ತೀನಿ. ಕೀಲು ಕಳಚಿದ್ರೆ ಆ ಮನೇಲಿ ನೀವೊಬ್ರೇ ಇರಕ್ಕಾಗಲ್ಲ ಡ್ವೇನ್. ವೃದ್ಧರ ಮನೆಗೆ ಹಾಕ್ತಾರೆ."

"ಆರು ವಾರ."

"ಆರೇ ವಾರ."

"ಅಷ್ಟು ದಿನ ಬಾಗಿಲು ಹಾಕಿದ್ರೆ, ದಾರಿ ಮರೆತುಬಿಟ್ರೆ?"

ಮರೆಯಲ್ಲ ಎನ್ನಬಹುದಿತ್ತು. ಅದು ಅವಳಿಗೆ ಗೊತ್ತಿರದ ವಿಷಯ. ಇಪ್ಪತ್ತೆಂಟು ವರ್ಷದ ಕೆಲಸದಲ್ಲಿ ಅವಳು ಗೊತ್ತಿಲ್ಲದ್ದನ್ನು ಗೊತ್ತು ಎಂದು ಯಾವ ರೋಗಿಗೂ ಹೇಳಿರಲಿಲ್ಲ.

"ಅದು ನಂಗೊತ್ತಿಲ್ಲ," ಎಂದಳು.

ಅವನು ತಲೆಯಾಡಿಸಿದ. ಟೋಪಿ ಹಾಕಿಕೊಂಡು, ಕೋಲಿನ ಮೇಲೆ ಭಾರ ಬಿಟ್ಟು ಎದ್ದ. "ಸರಿ, ಕೊಡು ನಿನ್ನ ಒಂದು. ನೋಡು, ನಾನೇ ಬಂದು ಒಪ್ಕೊಂಡೆ ಅಂತ ಬರಿ. ನೀನು ಇಣುಕಿದ್ದು ಯಾರಿಗೂ ಗೊತ್ತಾಗೋದು ಬೇಡ."

ಮಧ್ಯಾಹ್ನ ಅವಳು ದಾಖಲೆಯ ಮುಂದೆ ಕೂತಳು. ರೊವೀನಾ ನೋಡಿಲ್ಲ ಎಂದಿದ್ದಾಳೆ, ಡ್ವೇನ್ ತಾನೇ ಹೇಳಿದೆ ಎಂದಿದ್ದಾನೆ. ಎರಡೂ ದಾರಿ ಸಲೀಸಾಗಿದ್ದವು. ಆದರೆ ದಾಖಲೆ ಸುಳ್ಳು ಹೇಳಿದ್ದರಿಂದಲೇ ಇಷ್ಟೆಲ್ಲ ಆಗಿದ್ದು. ಪೆಟ್ಟಿಗೆ ತೆರೆದಾಗ ಹೆಸರು ಓದಿದೆ ಎಂದು ಬರೆದಳು. ರೋಗಿ ಹದಿನಾಲ್ಕು ತಿಂಗಳಿಂದ ಮಾತ್ರೆ ತೆಗೆದುಕೊಂಡಿಲ್ಲ, ಹತ್ತು ಮಿಲಿಗ್ರಾಂ ಕೊಡಕೂಡದು, ಇಂದಿನಿಂದ ಒಂದು ಎಂದು ಡಾಕ್ಟರ ಒಪ್ಪಿಗೆಯೊಂದಿಗೆ ಬರೆದಳು. ಯಾಕೆ ತೆಗೆದುಕೊಂಡಿಲ್ಲ ಎಂಬ ಜಾಗಕ್ಕೆ ಬಂದು ನಿಂತಳು. ಅಲ್ಲಿ ಆಯ್ದುಕೊಳ್ಳಲು ಕೊಟ್ಟಿದ್ದ ಪಟ್ಟಿಯಲ್ಲಿ ಮರೆವು, ತಲೆಸುತ್ತು, ಅರ್ಥವಾಗಿಲ್ಲ ಎಂದೆಲ್ಲ ಇತ್ತು. ಇತರೆ ಎಂಬುದನ್ನು ಒತ್ತಿ ಮುಂದೆ ಹೋದಳು.

ವಾರದೊಳಗೆ ನಿರ್ದೇಶಕರ ಕಚೇರಿಯಿಂದ ಅವಳ ಹೆಸರಿಗೆ ಎಚ್ಚರಿಕೆಯ ಪತ್ರ ಬಂತು. ನಿಯಮ ಓದಿಸಿ ಸಹಿ ಹಾಕಿಸಿಕೊಳ್ಳುವ ಕೆಲಸವನ್ನು ಈ ವರ್ಷ ಬೇರೊಬ್ಬರಿಗೆ ವಹಿಸಿದರು. ರೊವೀನಾ ಒಂದು ಬೆಳಿಗ್ಗೆ ಅವಳ ಮೇಜಿನ ಮೇಲೆ ಒಂದು ಲೋಟ ಕಾಫಿ ಇಟ್ಟು ಹೋದಳು. ಮತ್ತೆ ಇಡಲಿಲ್ಲ.

ಶಸ್ತ್ರಚಿಕಿತ್ಸೆಯಾದ ಮೂರನೆಯ ಬೆಳಿಗ್ಗೆ ಮಾರ್ಲಿಸ್ ನಾಲ್ಕನೇ ಮಹಡಿಯ ವಾರ್ಡಿಗೆ ಹೋದಳು. ಅಲ್ಲಿಗೆ ಬಂದು ವರ್ಷಗಳಾಗಿದ್ದವು. ಗುರುತು ಹಿಡಿಯದ ನರ್ಸು, "ನೀವು ಇವರ ಕಡೆಯೋರಾ?" ಎಂದು ಕೇಳಿದಳು. ಇಲ್ಲ ಎನ್ನಬೇಕಾದವಳು ಹೌದು ಎಂದುಬಿಟ್ಟಳು.

"ಮಗು ಹಂಗೆ ಮಲಗ್ತಾರೆ," ಎಂದಳು ನರ್ಸು. "ಒಂದು ಸಲಾನೂ ಅಲ್ಲಾಡಿಲ್ಲ. ಎಲ್ಲರೂ ಹಿಂಗೇ ಇದ್ರೆ ಎಷ್ಟು ಚೆನ್ನಾಗಿರ್ತಿತ್ತು."

ಡ್ವೇನ್ ಕಾಲುಗಳ ನಡುವೆ ದಿಂಬು ಕಟ್ಟಿಸಿಕೊಂಡು, ಒರಗಿ ಕೂತು ಕಿಟಕಿಯಾಚೆ ನೋಡುತ್ತಿದ್ದ. ಟೋಪಿ ಮಂಚದ ಕಂಬಿಗೆ ನೇತುಬಿದ್ದಿತ್ತು. ಟೋಪಿಯಿಲ್ಲದೆ ಅವನ ತಲೆ ಇಷ್ಟು ಚಿಕ್ಕದೆಂದು ಅವಳು ಗಮನಿಸಿರಲಿಲ್ಲ. ಮುಂದಿನ ತಟ್ಟೆಯಲ್ಲಿ ಮೊಟ್ಟೆ ತಣ್ಣಗಾಗಿತ್ತು.

"ಹೇಗಿದ್ದೀರಿ ಡ್ವೇನ್?"

"ಕಾಲು ಚೆನ್ನಾಗಿದೆ. ನಿನ್ನೆ ಬಾಗಿಲವರೆಗೂ ನಡ್ಸಿದ್ರು." ಅವಳ ಕಡೆ ತಿರುಗಲಿಲ್ಲ. "ಯಾರೂ ಬರ್ಲಿಲ್ಲ."

ಅವಳು ಮಂಚದ ಪಕ್ಕ ನಿಂತೇ ಇದ್ದಳು. ಕೆಳಗೆ ಒಂಬತ್ತೂವರೆಗೆ ಸಭೆಯಿತ್ತು. ಕುತ್ತಿಗೆಯ ಗುರುತಿನ ಚೀಟಿಯನ್ನು ತಿರುಗಿಸಿ ಕೋಟಿನ ಜೇಬಿಗೆ ತುರುಕಿದಳು, ಗೋಡೆಯ ಬಳಿಯಿದ್ದ ಕುರ್ಚಿಯನ್ನು ಎಳೆದುಕೊಂಡು ಕೂತಳು.

ಬಹಳ ಹೊತ್ತಿನ ಮೇಲೆ ಅವನು ತಟ್ಟೆಯ ಮೂಲೆಯಲ್ಲಿದ್ದ ಪ್ಲಾಸ್ಟಿಕ್ ಬಟ್ಟಲನ್ನು ಹತ್ತಿರಕ್ಕೆ ಸರಿಸಿಕೊಂಡ. ಮೇಲಿನ ಹಾಳೆಯನ್ನು ಕಿತ್ತ. ಪಾಕದಲ್ಲಿ ಹಳದಿ ಪೀಚ್ ಹೋಳುಗಳು ಮುಳುಗಿದ್ದವು. ಒಂದು ಹೋಳು ತಿಂದ. ಚಮಚವನ್ನು ಹೊದಿಕೆಯ ಅಂಚಿಗೆ, ಎರಡೂ ಬದಿ, ನಿಧಾನವಾಗಿ ಒರೆಸಿದ.

ಆಮೇಲೆ ಹಿಡಿಯನ್ನು ಅವಳ ಕಡೆ ಮಾಡಿ ಕೈ ನೀಡಿದ.