ಅಮರಯ್ಯನ ಹೆಸರಿದ್ದ ಹಳೆಯ ಪ್ರತಿ

ತುಂಬಿದ ಸಭೆಯಲ್ಲಿ ಹೇಮಂತನ ಮುಖ ಬಿಳಿಚಿಕೊಳ್ಳುವುದನ್ನು ನೋಡಬೇಕು ಅಂತ ನಾನು ಹನ್ನೆರಡು ದಿನ ಕಾದೆ. ಇದನ್ನು ಹೇಳಲು ನನಗೆ ಚೂರೂ ನಾಚಿಕೆಯಿಲ್ಲ. ಎದುರಿಗೆ ಅವನಿಗೆ ‘ರೀ’ ಹಚ್ಚಿ ಮಾತಾಡುತ್ತೇನೆ, ಇಲ್ಲಿ ಹಚ್ಚುವುದಿಲ್ಲ.

ಅವನು ಹೈದರಾಬಾದಿನ ನಮ್ಮ ಕನ್ನಡ ಬಳಗದ ಕಾರ್ಯದರ್ಶಿ. ನಾನು ಭಾಗ್ಯಶ್ರೀ, ಕಲಬುರಗಿಯವಳು, ಗಚ್ಚಿಬೌಲಿಯ ಕಂಪನಿಯೊಂದರಲ್ಲಿ ಸಾಫ್ಟ್‌ವೇರ್ ಟೆಸ್ಟರ್. ತಪ್ಪು ಹುಡುಕುವುದೇ ನನ್ನ ಹೊಟ್ಟೆಪಾಡು.

ನಮ್ಮ ಅಪಾರ್ಟ್‌ಮೆಂಟಿನ ಪಕ್ಕ ಏಳುತ್ತಿದ್ದ ಕಟ್ಟಡದಲ್ಲಿ ಸೇಡಂ ಕಡೆಯ ಬಂಡೆಮ್ಮ ಇಟ್ಟಿಗೆ ಹೊರುತ್ತಿದ್ದಳು. ಭಾನುವಾರ ಅವಳ ತಗಡಿನ ಶೆಡ್ಡಿನ ಮುಂದೆ ಕೂತು ಒಡಪು ಹೇಳಿಸಿಕೊಳ್ಳುತ್ತಿದ್ದೆ. ನಮ್ಮ ಕಡೆ ಹಳೆಯ ಹೆಂಗಸರು ಗಂಡನ ಹೆಸರನ್ನು ಸುಮ್ಮನೆ ಬಾಯಿಬಿಟ್ಟು ಹೇಳುವುದಿಲ್ಲ, ಒಡಪಿನ ಎರಡು ಸಾಲಿನಲ್ಲಿ ಸೇರಿಸಿಯೇ ಹೇಳುತ್ತಾರೆ. ಅವಳ ಗಂಡ ಅಮರಯ್ಯ ಆರು ವರ್ಷದ ಹಿಂದೆ ಕಟ್ಟಡದ ಮೇಲಿಂದ ಬಿದ್ದು ಸತ್ತಿದ್ದ. ಅವನದೊಂದು ಫೋಟೋ ಕೂಡ ಅವಳ ಬಳಿ ಇರಲಿಲ್ಲ.

“ಒಡಪಿನ್ಯಾಗ ಅಷ್ಟ ಅವ್ರು ಉಳದಾರವ್ವ,” ಅನ್ನುತ್ತಿದ್ದಳು. ಆಮೇಲೆ ಸೆರಗು ಸರಿಮಾಡಿಕೊಂಡು ಶುರುಮಾಡುತ್ತಿದ್ದಳು:

“ಏಳನೇ ಮಾಳಿಗಿಗಿ ಹೊತ್ತೆ ಇಟ್ಟಂಗಿ ಬುಟ್ಟಿ,
ಅಮರಯ್ಯನೋರ ಕೈ ಹಿಡದ ಮ್ಯಾಲ ನಾ ಭಾಳ ಗಟ್ಟಿ.”

ಅಂಥ ನಲವತ್ತು ಒಡಪುಗಳನ್ನು ಅಲ್ಲೇ ಕೂತು ಬಳಗದ ವೆಬ್‌ಸೈಟಿಗೆ ನೇರವಾಗಿ ಟೈಪ್ ಮಾಡಿದೆ. ಬೇರೆ ಪ್ರತಿ ಇಟ್ಟುಕೊಳ್ಳಲಿಲ್ಲ. ಊರಿನ ತಪ್ಪೆಲ್ಲ ಹುಡುಕುವವಳಿಗೆ ತನ್ನ ದಡ್ಡತನ ಕಾಣಲಿಲ್ಲ ನೋಡಿ!

ಅಕ್ಟೋಬರ್ ಇಪ್ಪತ್ತಕ್ಕೆ ಆ ಪುಟದ ತಲೆಬರಹವೇ ಬದಲಾಗಿತ್ತು: ‘ನಮ್ಮವ್ವನ ಒಡಪುಗಳು, ಸಂಗ್ರಹ ಹೇಮಂತ.’ ಅಮರಯ್ಯ ಇದ್ದಲ್ಲೆಲ್ಲ ದತ್ತಾತ್ರೇಯ. ಅದು ಹೇಮಂತನ ಅಪ್ಪನ ಹೆಸರು. ರಾಜ್ಯೋತ್ಸವದ ದಿನ ಇದೇ ಸಂಗ್ರಹಕ್ಕೆ ಅವನಿಗೆ ಸನ್ಮಾನವಂತೆ.

ಫೋನ್ ಮಾಡಿ ಕೇಳಿದೆ, “ಹೆಸರು ಯಾಕ ಬದಲ ಮಾಡೀರಿ?”

“ಜನಪದ ಅಂದ್ರ ಎಲ್ಲಾರದೂ, ತಂಗಿ. ಆಕಿದ ಅನ್ನಾಕ ಪುರಾವೆ ಏನೈತಿ?” ಅಂದು ನಕ್ಕ.

ಬಂಡೆಮ್ಮನಿಗೆ ವಿಷಯ ಹೇಳಿದಾಗ ಅವಳು ಕೂಗಾಡಲಿಲ್ಲ. ಚಹಾದ ಲೋಟ ಕೆಳಗಿಟ್ಟು, “ಅವ್ರನ್ನ ಎರಡನೇ ಸರ್ತಿ ಮಣ್ಣು ಮಾಡಿದಂಗಾತು,” ಅಂದಳು. ಹೇಮಂತನನ್ನು ಎಲ್ಲರೆದುರು ಇಳಿಸದೆ ಬಿಡಬಾರದು ಅಂತ ನನಗೆ ಹಟ ಹತ್ತಿದ್ದು ಆಗಲೇ.

ಪುರಾವೆ ನನ್ನ ಬ್ರೌಸರಿನಲ್ಲೇ ಇತ್ತು. ಕಾಲೇಜಿನಲ್ಲಿದ್ದಾಗ ಪರೀಕ್ಷೆಯ ವೇಳಾಪಟ್ಟಿ ಬಂದ ದಿನ ವಿಶ್ವವಿದ್ಯಾಲಯದ ಸೈಟು ನೂಕುನುಗ್ಗಲಿಗೆ ಕೈಕೊಡುತ್ತಿತ್ತು. ಆಗ ಗೆಳತಿ ರಶ್ಮಿ ಒಂದು ಬುಕ್‌ಮಾರ್ಕ್‌ಲೆಟ್ ಹಾಕಿಕೊಟ್ಟಿದ್ದಳು. ನೋಡಲು ಸಾದಾ ಬುಕ್‌ಮಾರ್ಕೇ, ಆದರೆ ಒಳಗೆ ವಿಳಾಸದ ಬದಲು ಒಂದು ಸಾಲು ಕೋಡ್. ಒತ್ತಿದರೆ ಸರ್ಚ್ ಎಂಜಿನ್ ಉಳಿಸಿಟ್ಟುಕೊಂಡಿರುವ, ನಮ್ಮೆದುರಿನ ಪುಟದ ಹಳೆಯ ಪ್ರತಿ ತೆರೆಯುತ್ತದೆ. ಒತ್ತಿದೆ. ಒಡಪಿನ ಪುಟದ ಅಕ್ಟೋಬರ್ ಹದಿನೇಳರ ಪ್ರತಿ ಬಂತು, ನಲವತ್ತು ಒಡಪುಗಳಲ್ಲೂ ಅಮರಯ್ಯ ಇದ್ದ.

ಸ್ಕ್ರೀನ್‌ಶಾಟ್ ತೋರಿಸಿದರೆ ‘ನೀನೇ ಕೂಡಿಸಿದ್ದು’ ಅನ್ನುವ ಆಸಾಮಿ ಹೇಮಂತ. ಎಲ್ಲರ ಕಣ್ಣೆದುರೇ ತೆರೆಯಬೇಕಿತ್ತು. ಆದರೆ ಸರ್ಚ್ ಎಂಜಿನ್ ಇನ್ನೊಮ್ಮೆ ಬಂದು ಹೊಸ ಪುಟವನ್ನು ಉಳಿಸಿಕೊಂಡರೆ ಅಮರಯ್ಯ ಅಲ್ಲಿಂದಲೂ ಹೋದಂತೆಯೇ. ದಿನಾ ಬೆಳಿಗ್ಗೆ ಹಲ್ಲುಜ್ಜುವ ಮೊದಲು ಒತ್ತಿ ನೋಡುತ್ತಿದ್ದೆ. ಹನ್ನೆರಡು ದಿನವೂ ಉಳಿದಿದ್ದ.

ರಾಜ್ಯೋತ್ಸವ ನಡೆದದ್ದು ಉಪ್ಪಲ್‌ನ ಒಂದು ಕಲ್ಯಾಣಮಂಟಪದಲ್ಲಿ, ಬೆಳಿಗ್ಗೆ ಹನ್ನೊಂದಕ್ಕೆ. ಬಂಡೆಮ್ಮನನ್ನು ಕರೆತಂದು ಮುಂದಿನ ಸಾಲಿನಲ್ಲಿ ಕೂರಿಸಿದೆ. ಪರದೆಗೆ ಜೋಡಿಸಿದ್ದು ನನ್ನ ಲ್ಯಾಪ್‌ಟಾಪ್. ಹನ್ನೆರಡು ದಿನ ತೆಪ್ಪಗಿದ್ದೆನಲ್ಲ, ಸೋತಳು ಅಂದುಕೊಂಡಿದ್ದ ಹೇಮಂತ. ಶಾಲು ಹೊದೆಸುವ ಮೊದಲು ನಾನು ಮೈಕ್ ಹಿಡಿದೆ.

“ಎಲ್ಲಾರೂ ಮೊಬೈಲ್ ತಗೀರಿ. ಹೇಮಂತ ಅವರ ಪುಟ ಒಮ್ಮಿಗೇ ನೋಡೂಣ್ರಿ!”

ಮುನ್ನೂರು ಜನ ಒಟ್ಟಿಗೆ ಒತ್ತಿದರು. ಬಳಗದ ಬಡಪಾಯಿ ಸರ್ವರ್ ತಡೆದೀತೆ? ಎಲ್ಲರ ಮೊಬೈಲಿನಲ್ಲೂ ಚಕ್ರ ಸುತ್ತತೊಡಗಿತು, ಪರದೆ ಬೆಳ್ಳಗಾಯಿತು. ಜನ ಗೊಣಗತೊಡಗಿದರು.

“ಏ ಭಾಗ್ಯಾ, ಏನಾರ ಮಾಡಿ ತೋರಸವ್ವ!” ಅಂದ ಹೇಮಂತ ವೇದಿಕೆಯಿಂದ.

ಅವನ ಬಾಯಿಂದಲೇ ಅದು ಬರಲಿ ಅಂತ ಕಾಯುತ್ತಿದ್ದೆ. ಬುಕ್‌ಮಾರ್ಕ್‌ಲೆಟ್ ಒತ್ತಿದೆ.

ಮೇಲೆ ಬಳಗದ ವಿಳಾಸ, ಅಕ್ಟೋಬರ್ ಹದಿನೇಳರ ತಾರೀಖು. ಕೆಳಗೆ ‘ಹೇಳಿದವರು: ಬಂಡೆಮ್ಮ, ಸೇಡಂ.’ ಅದರ ಕೆಳಗೆ ಇಟ್ಟಂಗಿ ಬುಟ್ಟಿ, ಅಮರಯ್ಯ.

“ಯಾರೋ ಹ್ಯಾಕ್ ಮಾಡ್ಯಾರ!” ಅಂತ ಹೇಮಂತ ಎದ್ದು ನಿಂತ.

“ನೀವ ತೋರಸಂದ್ರಿ, ನಾ ತೋರಿಸೀನಿ. ನೀವು ಹೆಸರು ಅಳಸೂಕಿಂತ ಮದ್ಲಿನ ಪುಟ ಇದು,” ಅಂದೆ.

ಅಧ್ಯಕ್ಷೆ ವತ್ಸಲಾ ಮೇಡಂ ಮೈಸೂರಿನವರು, ಮೆತ್ತಗಿನ ಮಾತು. ಪರದೆಯನ್ನು ಓದಿ ಮುಗಿಸಿ, “ನಿಮ್ಮ ತಾಯಿ ಯಾವ ಕಟ್ಟಡಕ್ಕೆ ಇಟ್ಟಿಗೆ ಹೊತ್ತಿದ್ದರು, ಹೇಮಂತ?” ಅಂದರು. ಅವನ ಮುಖ ಬಿಳಿಚಿಕೊಂಡಿತು. ಹಬ್ಬದೂಟ ಉಂಡಷ್ಟು ತೃಪ್ತಿಯಾಯಿತು ನನಗೆ.

ಅವನಿಗೆಂದು ತಂದ ಶಾಲನ್ನು ಬಂಡೆಮ್ಮನಿಗೆ ಹೊದೆಸಿ ಮೈಕ್ ಕೊಟ್ಟರು. ಒಡಪು ಹೇಳುತ್ತಾಳೆ ಅಂತ ಎಲ್ಲರೂ ಕಾದರು. ಬಂಡೆಮ್ಮ ಹೇಮಂತನನ್ನೇ ನೋಡಿದಳು.

“ಇವತ್ತು ಒಡಪಿಲ್ಲ,” ಅಂದಳು. “ನನ್ನ ಗಂಡನ ಹೆಸರು ಅಮರಯ್ಯ.”

ಒಡಪಿಲ್ಲದೆ ಆ ಹೆಸರು ಅವಳ ಬಾಯಲ್ಲಿ ನಾನು ಕೇಳಿದ್ದು ಅದೇ ಮೊದಲು. ಮೈಕನ್ನು ಅವನ ಕೈಗೆ ತುರುಕಿದಳು.

“ನಲವತ್ತು ಸರ್ತಿ ಅಳಸೀದಿ. ನಲವತ್ತು ಸರ್ತಿ ಅನ್ನು.”

ಅವನು ಮೇಡಂ ಕಡೆ ನೋಡಿದ. ಅವರು, “ಹೇಳಿ,” ಅಂದರು.

“ಅಮರಯ್ಯ,” ಅಂದ ಹೇಮಂತ. ಏಳನೆಯದಕ್ಕೆ ಮೈಕ್ ಕೆಳಗಿಳಿಸಿದ. ಬಂಡೆಮ್ಮ ಬಿಡಲಿಲ್ಲ. ನಾನು ಎಣಿಸುತ್ತ ನಿಂತೆ.