ಐದನೇ ಮಹಡಿಯ ಗಾಳಿ

ಅಡುಗೆಮನೆಯ ಗೋಡೆಗಿದ್ದ ಬಿಸಿನೀರಿನ ರೇಡಿಯೇಟರ್ ಮೇಲೆ ಕೈಯಿಟ್ಟರೆ ಸುಡುತ್ತಿತ್ತು. ಮಲಗುವ ಕೋಣೆಯದು ಮಾತ್ರ ಬಾವಿಕಟ್ಟೆಯ ಕಲ್ಲಿನಂತೆ ತಣ್ಣಗಿತ್ತು. ತೈಸಿಯಾ ಮಾರ್ಕೋವ್ನಾ ಬೆಳಗಿನಿಂದ ಅಲ್ಲಿಂದಿಲ್ಲಿಗೆ ಇಲ್ಲಿಂದಲ್ಲಿಗೆ ಓಡಾಡುತ್ತ, ಎರಕದ ಕಬ್ಬಿಣದ ಒಂದೊಂದು ಪಕ್ಕೆಯನ್ನೂ ಜ್ವರ ಬಂದ ಮಗುವಿನ ಹಣೆ ಮುಟ್ಟುವಂತೆ ಮುಟ್ಟಿ ನೋಡುತ್ತಿದ್ದಳು. ಇಲ್ಲಿ ಜ್ವರ ಬಂದರೆ ಸಾಕು ಎಂಬುದೇ ಅವಳ ಹಾರೈಕೆ.

ಮಧ್ಯಾಹ್ನ ಮೊಮ್ಮಗಳು ಉಲ್ಯಾನಾ ಗಂಡ ಮತ್ವೇಯ್ ಜೊತೆ ಹೆರಿಗೆ ಆಸ್ಪತ್ರೆಯಿಂದ ಮನೆಗೆ ಬರಬೇಕಿತ್ತು. ಕೂಸು ತಿಂಗಳು ತುಂಬುವ ಮೊದಲೇ ಹುಟ್ಟಿದ್ದು. ಅದರ ಬೆನ್ನು ತೈಸಿಯಾಳ ಅಂಗೈಯಷ್ಟೂ ಅಗಲವಿರಲಿಲ್ಲ. ವೈದ್ಯೆ ಒಂದೇ ಮಾತು ಹೇಳಿದ್ದಳು: ಕೋಣೆ ಬೆಚ್ಚಗಿದ್ದರೆ ಕರೆದೊಯ್ಯಿರಿ, ಇಲ್ಲವಾದರೆ ತಾಯಿ ಹೋಗಲಿ, ಮಗು ಇಲ್ಲೇ ಇರಲಿ. ನಿನ್ನೆ ಸೊಲಿಕಾಮ್ಸ್ಕ್ ಊರಿಗೆಲ್ಲ ಮನೆ ಬೆಚ್ಚಗಿಡುವ ಚಳಿಗಾಲದ ಬಿಸಿನೀರು ಬಿಟ್ಟಾಗ ತೈಸಿಯಾ ಅಡುಗೆಮನೆಯದನ್ನಷ್ಟೇ ಮುಟ್ಟಿ ನೋಡಿ, "ಬಂತು ಕಣೇ, ಬಿಸಿ ಬಂತು!" ಎಂದು ಮೊಮ್ಮಗಳಿಗೆ ಫೋನಿನಲ್ಲಿ ಕೂಗಿ ಹೇಳಿದ್ದಳು. ರಾತ್ರಿ ತೊಟ್ಟಿಲಿಗೆ ಬಟ್ಟೆ ಹಾಸಲು ಹೋದಾಗಲೇ ಗೊತ್ತಾದದ್ದು, ಎರಡು ಕೋಣೆಗಳೂ ಸತ್ತು ಮಲಗಿವೆಯೆಂದು. ವಿದ್ಯುತ್ ಹೀಟರ್ ಹಚ್ಚಿದರೆ ಹಳೆಯ ವೈರು ತಾಳದೆ ಫ್ಯೂಸ್ ಹೋಗುತ್ತಿತ್ತು. ಅಡುಗೆಮನೆಯಲ್ಲಿ ಮೇಜು ಮತ್ತು ಗ್ಯಾಸ್ ಒಲೆಯ ನಡುವೆ ತೊಟ್ಟಿಲಿರಲಿ, ಬೆಕ್ಕು ತಿರುಗಲೂ ಜಾಗವಿರಲಿಲ್ಲ.

ಬೆಳಗಾದೊಡನೆ ಕಟ್ಟಡದ ಉಸ್ತುವಾರಿ ಕಚೇರಿಗೆ ಫೋನು ಮಾಡಿದಳು.

"ಯಾವ ಮಹಡಿ?" ಎಂದಿತು ನಿದ್ದೆಗೆಟ್ಟ ಹೆಣ್ಣುದನಿ.

"ಎರಡನೇದು."

"ಮೇಲಿನವರು ಗಾಳಿ ಬಿಟ್ರಾ?"

"ಅದೇ ಗೊತ್ತಾಗ್ತಿಲ್ಲ ತಾಯಿ."

"ನನಗೆ ಇಲ್ಲಿಂದ ಗೊತ್ತಾಗತ್ತಾ? ಹೋಗಿ ಕೇಳಿ. ನಮ್ಮ ಹುಡುಗ್ರು ನಾಳಿದ್ದು ಬರ್ತಾರೆ. ಇವತ್ತು ಅರ್ಧ ಊರು ತಣ್ಣಗೆ ಕೂತಿದೆ."

ಆ ಕಟ್ಟಡದಲ್ಲಿ ಅಡುಗೆಮನೆಗಳ ಕೊಳವೆಯೇ ಬೇರೆ. ಉಳಿದಂತೆ ಬಿಸಿನೀರು ಒಂದು ಕೋಣೆಯ ಕೊಳವೆಯಿಂದ ಮೇಲೇರಿ, ಐದನೇ ಮಹಡಿಯಲ್ಲಿ ತಿರುಗಿ, ಪಕ್ಕದ ಕೋಣೆಯ ಕೊಳವೆಯಿಂದ ಕೆಳಗಿಳಿಯುತ್ತಿತ್ತು. ಬೇಸಿಗೆಯಲ್ಲಿ ಸೇರಿಕೊಂಡ ಗಾಳಿ ಮೇಲೆ ಹೋಗಿ ಬಿರಡೆಯಂತೆ ಕೂತರೆ ಮೇಲಿನಿಂದ ಕೆಳಗಿನವರೆಗೆ ಐದು ಮನೆಗೂ ಚಳಿಯೇ ಗತಿ. ಅದನ್ನು ಹೊರಬಿಡುವ ತಿರುಪು ಇದ್ದದ್ದು ಮೇಲಿನ ಮನೆಯಲ್ಲಿ. ವರ್ಷವರ್ಷವೂ ಆ ಮನೆಯ ಮುದುಕ ಅರ್ಕಾದಿ ಫೋಮಿಚ್ ಯಾರೂ ಹೇಳದೆ ಬೇಸಿನ್ ಹಿಡಿದು ಕೂತು ಗಾಳಿ ಬಿಡುತ್ತಿದ್ದ. ಉಳಿದವರು ಬೆಚ್ಚಗಾಯಿತೆಂದು ಸ್ವೆಟರ್ ಬಿಚ್ಚುತ್ತಿದ್ದರೇ ಹೊರತು ಅವನನ್ನು ನೆನೆಯುತ್ತಿರಲಿಲ್ಲ. ಎಂದಾದರೂ ತಡವಾದರೆ ತೈಸಿಯಾ ಸೌಟಿನಿಂದ ಕೊಳವೆಗೆ ಮೂರು ಸಲ ತಟ್ಟುತ್ತಿದ್ದಳು. ಅವನು ಮೇಲಿನಿಂದ ತಿರುಗಿ ತಟ್ಟಿದರೆ "ಆಯ್ತು, ಕೂತಿದೀನಿ" ಎಂದರ್ಥ. ಈ ಬೇಸಿಗೆಯಲ್ಲಿ ಅವನು ಸಮುದ್ರದ ಕಡೆ ಮಗಳ ಮನೆಗೆ ಹೋಗಿಬಿಟ್ಟ. ಮನೆಗೆ ಯಾರೋ ಬಾಡಿಗೆಯವರು ಬಂದಿದ್ದರು. ಮೆಟ್ಟಿಲಲ್ಲಿ ಒಮ್ಮೆ ಬಣ್ಣದ ತಲೆವಸ್ತ್ರವೊಂದು ಸರ್ರನೆ ಹಾದುಹೋದದ್ದನ್ನು ಬಿಟ್ಟರೆ ತೈಸಿಯಾ ಏನೂ ಕಂಡಿರಲಿಲ್ಲ.

ಫೋನಿಟ್ಟ ಸ್ವಲ್ಪ ಹೊತ್ತಿಗೆ ಕೊಳವೆಯೊಳಗೆ ಗುಳುಗುಳು ಸದ್ದಾಯಿತು. ಗಾಳಿ ಹೊರಡುತ್ತಿದೆ! ಬೇಗ ಬೇಗ ಎನ್ನುವಂತೆ ಸೌಟು ಹಿಡಿದು ಮೂರು ಸಲ ತಟ್ಟಿದಳು. ಸದ್ದು ಥಟ್ಟನೆ ನಿಂತಿತು. ಕಾದಳು. ಮತ್ತೆ ಗುಳುಗುಳು ಎಂದಿತು, ಮತ್ತೆ ತಟ್ಟಿದಳು, ಮತ್ತೆ ನಿಂತಿತು. ಮೂರನೆಯ ಸಲವೂ ಹಾಗೇ ಆದಾಗ ಅವಳು ಸೌಟು ಕೆಳಗಿಟ್ಟಳು. ಮೇಲೆ ಯಾರೋ ಇದ್ದಾರೆ. ಇದ್ದೂ ನಿಲ್ಲಿಸುತ್ತಿದ್ದಾರೆ.

"ಬೇಕಂತಲೇ!" ಎಂದಳು ಮೂರನೇ ಮಹಡಿಯ ಕಾಪಿತೋಲಿನಾ, ಬಾಗಿಲು ತಳ್ಳಿಕೊಂಡು ಒಳಬಂದವಳೇ. ಮೂವತ್ತು ವರ್ಷ ಬಸ್ಸಿನ ಕಂಡಕ್ಟರ್ ಆಗಿದ್ದವಳು. ಅವಳ ದನಿ ಕೇಳಿದರೆ ಜನ ಈಗಲೂ ತಾವಾಗಿ ಹಿಂದಕ್ಕೆ ಸರಿಯುತ್ತಿದ್ದರು. "ನನ್ನ ಬ್ಯಾಟರಿನೂ ಹೆಣದ ಹಾಗಿದೆ." ಆ ಊರಿನಲ್ಲಿ ರೇಡಿಯೇಟರ್ ಎಲ್ಲರ ಬಾಯಲ್ಲೂ ಬ್ಯಾಟರಿಯೇ. "ನೀನು ಸೌಟಲ್ಲಿ ಮುದ್ದು ಮಾಡ್ತಿದ್ದೆ. ನಾನು ಸುತ್ತಿಗೆ ತಗೊಂಡು ಸರಿಯಾಗಿ ನಾಲ್ಕು ಕೊಟ್ಟೆ. ಬಾ ಮೇಲೆ, ಮುಖಾಮುಖಿ ಕೇಳೋಣ."

"ಜಗಳ ಬೇಡ ಕಾಪಾ. ನನಗೆ ಬಿಸಿ ಬೇಕು ಅಷ್ಟೇ."

"ಜಗಳ ಆಡಿದ್ರೂ ಮೈ ಬಿಸಿಯಾಗತ್ತೆ, ಬಾ."

ನಾಲ್ಕನೇ ಮಹಡಿಯವರು ಹಳ್ಳಿಯ ಮನೆಗೆ ಕೋಸು ಕೀಳಲು ಹೋಗಿದ್ದರು. ಐದನೆಯದರ ಗಂಟೆ ಒತ್ತಿದರೆ ಉತ್ತರವಿಲ್ಲ. ಬಾಗಿಲಿಗೆ ಕಿವಿಯಿಟ್ಟರೆ ಒಳಗೆ ಯಾರೋ ಉಸಿರು ಬಿಗಿಹಿಡಿದು ನಿಂತಂತಿತ್ತು.

"ಏಯ್, ಇದೀಯ ಅಂತ ಗೊತ್ತು! ತೆಗೀತೀಯೋ, ಪೊಲೀಸ್ನ ಕರೀಲೋ?" ಕಾಪಿತೋಲಿನಾ ಮುಷ್ಟಿಯಿಂದ ಗುದ್ದಿದಳು. ಒಳಗೆ ಹಗುರವಾದ ಹೆಜ್ಜೆಗಳು ಬಾಗಿಲಿನಿಂದ ದೂರ ಸರಿದವು.

"ಸಾಕು, ನೀನು ಕೆಳಗೆ ಹೋಗು," ಎಂದಳು ತೈಸಿಯಾ. "ಬ್ಯಾಟರಿ ಹತ್ರ ಕೂತಿರು. ಬಿಸಿಯಾದ್ರೆ ಕೂಗು."

"ಬಿಸಿಯಾಗೋದು ನನ್ನ ತಲೆ ಮಾತ್ರ," ಎಂದು ಗೊಣಗುತ್ತ ಅವಳು ಇಳಿದಳು.

ತೈಸಿಯಾ ಮೇಲಿನ ಮೆಟ್ಟಿಲ ಮೇಲೆಯೇ ಕೂತಳು. ಎದುರಿನ ಕಿಟಕಿಕಟ್ಟೆಯಲ್ಲಿ ಅರ್ಕಾದಿ ಫೋಮಿಚ್ ಬಿಟ್ಟುಹೋಗಿದ್ದ ಜಿರೇನಿಯಂ ಕುಂಡಗಳಿದ್ದವು. ಇಷ್ಟು ಹೊತ್ತಿಗೆ ಒಣಗಿ ಕಡ್ಡಿಯಾಗಿರಬೇಕಿತ್ತು. ಆದರೆ ಮಣ್ಣು ಒದ್ದೆಯಾಗಿತ್ತು. ಹಳದಿ ಎಲೆಗಳನ್ನು ಯಾರೋ ಚಿವುಟಿ ತೆಗೆದಿದ್ದರು. ಚಳಿ ತಾಗದಿರಲೆಂದು ಗಾಜಿಗೂ ಕುಂಡಕ್ಕೂ ನಡುವೆ ವೃತ್ತಪತ್ರಿಕೆ ಮಡಿಸಿ ಇಟ್ಟಿದ್ದರು. ತನ್ನದಲ್ಲದ ಗಿಡಕ್ಕೆ ಚಳಿಯಾದೀತೆಂದು ಯೋಚಿಸಿದವರು ಕೆಳಗಿನವರನ್ನು ಬೇಕೆಂದೇ ನಡುಗಿಸುತ್ತಾರೆಯೇ? ಅವಳಿಗೆ ತಲೆಬುಡ ತಿಳಿಯಲಿಲ್ಲ.

ಅಷ್ಟರಲ್ಲಿ ಏಪ್ರನ್ನಿನ ಜೇಬಿನಲ್ಲಿ ಫೋನು ಗುಂಯ್‌ಗುಟ್ಟಿತು.

"ಅಜ್ಜೀ, ಕಾಗದ ಎಲ್ಲ ಕೊಟ್ರು! ಮತ್ವೇಯ್ ಕಾರು ಕರೆಸ್ತಿದಾನೆ. ರೂಮು ಬೆಚ್ಚಗಿದೆ ತಾನೆ?"

ಹೂಂ ಎಂದುಬಿಡುವಷ್ಟು ಸುಲಭವಿತ್ತು. ತೈಸಿಯಾ ಕಣ್ಣು ಮುಚ್ಚಿಕೊಂಡಳು.

"ಇಲ್ಲ ಮಗಳೇ. ಇನ್ನೂ ಇಲ್ಲ. ಅಡುಗೆಮನೆ ಒಂದೇ ಬಿಸಿ. ಹೊರಡಬೇಡಿ, ಸ್ವಲ್ಪ ತಡೀರಿ."

ಉಲ್ಯಾನಾಳ ದನಿ ಸಣ್ಣದಾಯಿತು. "ಅಜ್ಜೀ, ಬೆಚ್ಚಗಿಲ್ದಿದ್ರೆ ಅವನನ್ನ ಬಿಟ್ಟು ಬರ್ಬೇಕು. ಒಬ್ಬನೇ ಇರ್ತಾನೆ."

"ಗೊತ್ತು ಕಂದಾ. ಅಷ್ಟು ಸಣ್ಣ ಕೂಸನ್ನ ಆ ತಣ್ಣನೆ ಕೋಣೆಗೆ ಹೇಗೆ ಕರ್ಕೊಂಡು ಬಾ ಅನ್ನಲಿ? ಏನಾದ್ರೂ ಮಾಡ್ತೀನಿ, ಅಳಬೇಡ. ಎದೆಹಾಲು ಕಟ್ಟಿಕೊಳ್ಳತ್ತೆ."

ಫೋನು ಜೇಬಿಗೆ ಹಾಕುವಷ್ಟರಲ್ಲಿ ಬೆನ್ನ ಹಿಂದೆ ಚಿಲಕ ಸರಿಯಿತು. ಸರಪಣಿಯಷ್ಟೇ ಅಗಲಕ್ಕೆ ಬಾಗಿಲು ತೆರೆದು, ಬಣ್ಣದ ತಲೆವಸ್ತ್ರದ ಹೆಣ್ಣುಮಗಳೊಬ್ಬಳು ಇಣುಕಿದಳು. ಕಣ್ಣು ಕೆಂಪಾಗಿದ್ದವು. ಒಂದು ಕೈಯಲ್ಲಿ ಬೇಸಿನ್, ಇನ್ನೊಂದರಲ್ಲಿ ಗಾಳಿಯ ತಿರುಪಿನ ಪುಟ್ಟ ಕೀಲಿ.

"ನಿಲ್ಲಿಸ್ದೆ ಅಮ್ಮ. ನೀವು ಹೊಡೆದ ತಕ್ಷಣ ನಿಲ್ಲಿಸ್ದೆ. ಇನ್ನು ಸದ್ದು ಮಾಡಲ್ಲ. ಮನೆ ತಾತನಿಗೆ ದೂರು ಹೇಳಬೇಡಿ."

ತೈಸಿಯಾಗೆ ಮೊದಲು ಅರ್ಥವಾಗಲಿಲ್ಲ. "ಯಾಕಮ್ಮ ನಿಲ್ಲಿಸಿದ್ದು?"

"ತಾತ ಹೋಗುವಾಗ ಹೇಳಿದ್ರು, ಬಿಸಿ ಬಂದಾಗ ಗಾಳಿ ಬಿಡು ಅಂತ. ಬಿಟ್ಟೆ. ದೊಡ್ಡದಾಗಿ ಸಿಳ್ಳೆ ಹೊಡೀತು. ಕೆಳಗಿಂದ ಹೊಡೆದ್ರಿ. ಮತ್ತೆ ಮೆಲ್ಲಗೆ ಬಿಟ್ಟೆ, ಮತ್ತೆ ಹೊಡೆದ್ರಿ. ಆಮೇಲೆ ಯಾರೋ ಸುತ್ತಿಗೆಯಲ್ಲೇ..." ಅವಳು ತುಟಿ ಕಚ್ಚಿಕೊಂಡಳು. "ಹಿಂದೆ ಇದ್ದ ಮನೇಲೂ ಹೀಗೇ. ಕುರ್ಚಿ ಎಳೆದ್ರೂ ಪೈಪ್ ಹೊಡೀತಿದ್ರು. ಕೊನೆಗೆ ಮನೆ ಬಿಡಿಸಿಬಿಟ್ರು."

ತೈಸಿಯಾಳ ಕಿವಿ ಬೆಚ್ಚಗಾದವು. ಆ ದೇಶದ ಉದ್ದಗಲಕ್ಕೂ ಕೊಳವೆ ಬಡಿದರೆ ಒಂದೇ ಅರ್ಥ: ಬಾಯ್ಮುಚ್ಚು. ಮೂರು ತಟ್ಟು ಎಂದರೆ ಗಾಳಿ ಬಿಡು ಎಂಬುದು ಅವಳಿಗೂ ಅರ್ಕಾದಿ ಫೋಮಿಚ್‌ಗೂ ಮಾತ್ರ ಗೊತ್ತಿದ್ದ ಭಾಷೆ. ಬೆಳಗಿನಿಂದ ಮೊಮ್ಮಗಳ ಕೂಸಿಗೆ ಬರುತ್ತಿದ್ದ ಬಿಸಿಯನ್ನು ತಾನೇ ಸೌಟು ಹಿಡಿದು ಅಟ್ಟಿದ್ದಳು.

"ಅಯ್ಯೋ ನನ್ನಮ್ಮಾ! ಅದು ನಿಲ್ಲಿಸು ಅಂತಲ್ಲ, ಬಿಡು ಅಂತ! ಬೇಡಿಕೊಳ್ತಿದ್ದೆ ಕಣೇ ನಿನ್ನನ್ನ. ಏನು ನಿನ್ನ ಹೆಸರು?"

"ಜರೀಫಾ."

"ಬಾ ಜರೀಫಾ. ಬೇಗ."

ಇಬ್ಬರೂ ಕಿಟಕಿಯ ಕೆಳಗೆ ನೆಲದಲ್ಲಿ ಕೂತರು. ಜರೀಫಾ ಕೀಲಿ ತಿರುಗಿಸಿದಳು. ಸುಂಯ್ ಎಂದು ಗಾಳಿ ಹೊರಟಿತು. ಐದು ಮಹಡಿಯ ಕೊಳವೆಯೂ ಹೊಟ್ಟೆ ಹಸಿದವರ ಹಾಗೆ ಗುಡುಗುಟ್ಟಿತು. ಮರುಗಳಿಗೆಯೇ ಕೆಳಗಿನಿಂದ ಢಣ್ ಢಣ್ ಢಣ್ ಎಂದು ಸುತ್ತಿಗೆ ಬಿತ್ತು. ಜರೀಫಾಳ ಬೆರಳು ತಾನಾಗಿ ಕೀಲಿ ಮುಚ್ಚಲು ಹೊರಳಿತು. ತೈಸಿಯಾ ಆ ಬೆರಳ ಮೇಲೆ ಕೈಯಿಟ್ಟು ಅದುಮಿ ಹಿಡಿದಳು.

"ಹೊಡ್ಕೊಳ್ಳಲಿ ಬಿಡು. ನೀನು ಹೀಗೇ ಹಿಡ್ಕೊಂಡಿರು." ಎದ್ದು ಮೆಟ್ಟಿಲಿಗೆ ಓಡಿ ಬಗ್ಗಿದಳು. "ಕಾಪಾ! ಸುತ್ತಿಗೆ ಕೆಳಗಿಡೇ, ನಿನ್ನ ಕೈ ಸೇದಿಹೋಗ!"

"ಯಾಕೆ? ಗುಳುಗುಳು ಅಂತಿದೆ, ಚುರುಕು ಮುಟ್ಟಿಸ್ತಿದೀನಿ!"

"ನೀನು ಚುರುಕು ಮುಟ್ಟಿಸಿದ್ದಕ್ಕೇ ಇಷ್ಟೊತ್ತು ನಿಂತಿದ್ದು! ಸುಮ್ನೆ ಕೂತ್ಕೋ!"

ಕೋಣೆಗೆ ಮರಳಿದಾಗ ತಿರುಪಿನಿಂದ ಬೇಸಿನ್‌ಗೆ ಕಪ್ಪು ನೀರು ಚಿಮ್ಮುತ್ತಿತ್ತು. ಒಮ್ಮೆ ಕೆಮ್ಮಿತು, ಮತ್ತೆ ಚಿಮ್ಮಿತು, ಕೊನೆಗೆ ನೂಲಿನಂತೆ ಎಡೆಬಿಡದೆ ಹರಿಯಿತು. ಜರೀಫಾ ಕೀಲಿ ಮುಚ್ಚಿದಳು. ಪಕ್ಕದ ಕೋಣೆಯದನ್ನೂ ಬಿಟ್ಟು ಮುಚ್ಚಿದಳು. ಒಡನೆಯೇ ಕೆಳಗಿನಿಂದ ಬಸ್ಸು ನಿಲ್ಲಿಸುವ ದನಿ ಬಂತು: "ನನ್ನದು ಬೆಚ್ಚಗಾಗ್ತಿದೆ ತೈಸಿಯಾ! ಇನ್ನು ನಿನ್ನದು!"

ತೈಸಿಯಾ ಇಳಿದಳು. ಕರೆಯದಿದ್ದರೂ ಜರೀಫಾ ಕೈ ಒರೆಸಿಕೊಳ್ಳುತ್ತ ಹಿಂದೆಯೇ ಬಂದಳು. ಮಲಗುವ ಕೋಣೆಯ ಮೊದಲ ಪಕ್ಕೆ ಬಿಸಿಯಾಗಿತ್ತು. ಎರಡನೆಯದು ಉಗುರುಬೆಚ್ಚಗೆ. ಅದರಾಚೆ ಇನ್ನೂ ಕಬ್ಬಿಣವೇ. ತೈಸಿಯಾ ಮಂಡಿಯೂರಿ ಕೂತು ಕಾದಳು. ಮತ್ತೆ ಗಾಳಿ ಕೂತಿದ್ದರೆ, ನೀರು ಸಾಲದಿದ್ದರೆ ಎಂದು ಮನಸ್ಸು ಕೆಟ್ಟದ್ದನ್ನೇ ಹುಡುಕುತ್ತಿತ್ತು. ಅಷ್ಟರಲ್ಲಿ ಜರೀಫಾ ಯಾರನ್ನೂ ಕೇಳದೆ ತೊಟ್ಟಿಲಿನ ಪುಟ್ಟ ಹಾಸಿಗೆಯನ್ನೆತ್ತಿ ಅಡುಗೆಮನೆಗೊಯ್ದು, ಸುಡುವ ರೇಡಿಯೇಟರ್ ಮೇಲೆ ಹರವಿ, ಒಂದು ಮಗ್ಗುಲಾದ ಮೇಲೆ ಇನ್ನೊಂದು ಮಗ್ಗುಲು ತಿರುಗಿಸುತ್ತಿದ್ದಳು, ರೊಟ್ಟಿ ಬೇಯಿಸುವವಳ ಹಾಗೆ.

ಎಷ್ಟೋ ಹೊತ್ತಾದ ಮೇಲೆ ತೈಸಿಯಾ ಕರೆದಳು. "ಬಾರೇ ಇಲ್ಲಿ, ಈ ಕೊನೇದನ್ನ ನೀನು ಮುಟ್ಟು. ಬೆಳಗಿಂದ ಮುಟ್ಟಿ ಮುಟ್ಟಿ ನನ್ನ ಕೈಗೆ ಏನೂ ತಿಳೀತಿಲ್ಲ."

ಜರೀಫಾ ಕೈಯಿಂದ ಮುಟ್ಟಲಿಲ್ಲ. ಬಗ್ಗಿ, ಕೂಸಿಗೆ ಒತ್ತುವ ಹಾಗೆ, ಕೆನ್ನೆ ಒತ್ತಿ ನೋಡಿದಳು.

"ಬೆಚ್ಚಗಿದೆ ಅಮ್ಮ."

"ನಿಜವಾಗ್ಲೂ? ನನ್ನ ಸಮಾಧಾನಕ್ಕೆ ಹೇಳಬೇಡ."

"ಕೆಳಗೂ ಬೆಚ್ಚಗಿದೆ. ಫೋನ್ ಮಾಡಿ."

ತೈಸಿಯಾ ಜೇಬಿನಿಂದ ಫೋನು ತೆಗೆದಳು. ಅವಸರಕ್ಕೆ ಗುಂಡಿ ತಪ್ಪಿತು. ಜರೀಫಾಳೇ ಒತ್ತಿಕೊಟ್ಟಳು. ಆ ಕಡೆ ಗಂಟೆ ಬಾರಿಸುವ ಮೊದಲೇ ಎತ್ತಿಕೊಂಡರು.

"ಉಲ್ಯಾನಾ," ಎಂದಳು ತೈಸಿಯಾ, "ಚೆನ್ನಾಗಿ ಸುತ್ತಿಕೊಂಡು ಹೊರಡಿ. ಅವನನ್ನೂ ಕರ್ಕೊಂಡು."