ತವಾಲೆಯ ಎದೆನೋವು

ಫಿಜಿಯ ಸುವಾದ ಬ್ಯಾರಕ್ಸ್‌ನಲ್ಲಿ ಸಾರ್ಜೆಂಟ್ ವಿಲಿಕೇಸ ಬಂದನೆಂದರೆ ಹೊಟ್ಟೆ ಬಂದವರೆಲ್ಲ ಉಸಿರು ಒಳಗೆಳೆದುಕೊಂಡು ನಿಲ್ಲುತ್ತಿದ್ದರು. ಸಿಪಾಯಿಗಳ ಮೈಕಸುವಿನ ಪರೀಕ್ಷೆ ಅವನ ಕೈಯಲ್ಲಿತ್ತು. ಪಾಸಾದವರಿಗೆ ಸಿನಾಯ್ ಮರಳುಗಾಡಿನ ಶಾಂತಿಪಡೆ, ಫೇಲಾದವರಿಗೆ ಗೇಟು ಕಾಯುವ ಕೆಲಸ. ಮೊದಲೆಲ್ಲ ಓಡುವಾಗ ಮೈ ಸರಿಯಿಲ್ಲವೆಂದವರು ಪಕ್ಕಕ್ಕೆ ಸರಿದು, ಡಾಕ್ಟರಿಗೆ ತೋರಿಸಿ, ಇನ್ನೊಂದು ದಿನ ಓಡಬಹುದಿತ್ತು. ಮೈಗಳ್ಳರಿಗೆ ಅದೊಂದು ಹಬ್ಬ. ವಿಲಿಕೇಸ ಮೇಲಿನವರ ಬೆನ್ನು ಹತ್ತಿ ಆ ನಿಯಮವನ್ನೇ ತೆಗೆಸಿಹಾಕಿದ. ಓಟಕ್ಕೆ ಕೊಡುವ ಸಮಯವನ್ನೂ ಕಡಿಮೆ ಮಾಡಿಸಿದ. ಇನ್ನು ನಿಂತರೆ ಫೇಲು, ಅಷ್ಟೇ. ಅದರಲ್ಲಿ ತಪ್ಪೇನಿತ್ತು ಹೇಳಿ? ಏದುಸಿರು ಬಿಡುವ ಸಿಪಾಯಿ ಯಾವ ಸೈನ್ಯಕ್ಕೆ ಬೇಕು?

ಎಮೋರಿ ಅವನ ಅಕ್ಕ ವಸೀತಿಯ ಗಂಡ, ಅದೇ ಬ್ಯಾರಕ್ಸ್‌ನ ಅಡುಗೆಮನೆಯಲ್ಲಿ ಕಾರ್ಪೊರಲ್. ಇಬ್ಬರೂ ಒಬ್ಬರನ್ನೊಬ್ಬರು ತವಾಲೆ ಎಂದೇ ಕರೆಯುತ್ತಿದ್ದರು. ಭಾವನಿಗೂ ಅದೇ ಮಾತು, ಭಾವಮೈದುನನಿಗೂ ಅದೇ. ತವಾಲೆಗಳು ನೆಟ್ಟಗೆ ಮಾತಾಡಿದರೆ ಮನೆಯಲ್ಲಿ ಏನೋ ಆಗಿದೆ ಎಂದು ಜನ ಗಾಬರಿಯಾಗುತ್ತಾರೆ. ಕಾಲೆಳೆಯಬೇಕು, ರೀಲು ಬಿಡಬೇಕು, ಯಾರೂ ಮುನಿಸಿಕೊಳ್ಳುವಂತಿಲ್ಲ. ಎಮೋರಿ ಇದರಲ್ಲಿ ಎತ್ತಿದ ಕೈ. ಒಮ್ಮೆ ಯಂಗೋನ ಬೇರಿನ ಮತ್ತಿನ ಕಷಾಯ ಕುಡಿಯಲು ಕೂತಾಗ ಸತ್ತವನ ಹಾಗೆ ಉರುಳಿಬಿದ್ದು, ವಿಲಿಕೇಸ ಗೋಳೋ ಎಂದು ಅಳುವವರೆಗೂ ಕಣ್ಣು ಬಿಟ್ಟಿರಲಿಲ್ಲ.

ಅಕ್ಕ ತಮ್ಮಂದಿರ ಲೆಕ್ಕ ಬೇರೆ. ದೊಡ್ಡವರಾದ ಮೇಲೆ ಅವರು ಎದುರೆದುರು ಮಾತಾಡುವುದಿಲ್ಲ, ಅದು ಮರ್ಯಾದೆ. ವಸೀತಿ ತಮ್ಮನಿಗೆ ಏನು ತಿಳಿಸಬೇಕಾದರೂ ಗಂಡನ ಬಾಯಿಂದಲೇ ಆಗಬೇಕು.

ಪರೀಕ್ಷೆಯ ಬೆಳಿಗ್ಗೆ ಎಮೋರಿ ಸಾಲಿನಲ್ಲಿ ನಿಂತು ಹಲ್ಲು ಕಿರಿದ. "ತವಾಲೆ, ನಿನ್ನಕ್ಕ ಹೇಳ್ಕಳ್ಸಿದಾಳೆ. ನಂಗೆ ಎದೆ ಹಿಡ್ಕೊಳ್ತಂತೆ. ಇವತ್ತು ಓಡಿಸ್ಬೇಡ ಅಂತೆ."

"ಹಿಡ್ಕೊಂಡಿರೋದು ಎದೆ ಅಲ್ಲ, ಹೊಟ್ಟೆ. ರಾತ್ರಿ ಎಷ್ಟು ಮರಗೆಣಸು ಮುಕ್ಕಿದೆ?"

"ನಿನ್ನಕ್ಕ ಬಡಿಸಿದಷ್ಟು. ನೋಡು, ನಾನು ಸತ್ರೆ ಸಾವಿನ ಊಟಕ್ಕೆ ನಿನ್ ಹಂದೀನೇ ಕಡೀಬೇಕು."

"ಗೆರೆ ದಾಟಿ ಸಾಯೋ. ಅದಕ್ಕಿಂತ ಮೊದ್ಲೇ ಸತ್ರೆ ಫೇಲು!"

ಸಾಲಿಗೆ ಸಾಲೇ ನಕ್ಕಿತು. ಎಮೋರಿಯೂ ನಕ್ಕ. ಪಾಪ, ತವಾಲೆಯ ಹತ್ತಿರ ನಿಜ ಹೇಳುವುದಕ್ಕೆ ಅವನಿಗೆ ತಮಾಷೆ ಬಿಟ್ಟರೆ ಬೇರೆ ದಾರಿ ಎಲ್ಲಿತ್ತು?

ಕೊನೆಯ ಸುತ್ತಿನಲ್ಲಿ ಎಮೋರಿ ಎದೆ ಒತ್ತಿಹಿಡಿದು ಒಂದು ಕೈ ಮೇಲೆತ್ತಿದ. ವಿಲಿಕೇಸ ಅವನ ಪಕ್ಕದಲ್ಲೇ ಓಡುತ್ತ ಕೂಗಿದ: "ನಾಟ್ಕ ಸಾಕು! ನಿಂತ್ರೆ ನಾಳೆಯಿಂದ ಗೇಟಿಗೆ ಹಾಕ್ತೀನಿ!" ಎಮೋರಿ ನಿಲ್ಲಲಿಲ್ಲ. ಗೆರೆ ಇನ್ನೇನು ಬಂತು ಎನ್ನುವಾಗ ಮುಖ ಅಡಿಯಾಗಿ ಬಿದ್ದ.

ಆಗಲೂ ವಿಲಿಕೇಸ ಬಗ್ಗಿ ನೋಡಲಿಲ್ಲ. ಸೊಂಟದ ಮೇಲೆ ಕೈಯಿಟ್ಟು, ಈಗ ಏಳುತ್ತಾನೆ, ಈಗ ನಗುತ್ತಾನೆ ಎಂದು ಕಾಯುತ್ತ ನಿಂತ. ಎಮೋರಿಯನ್ನು ಮಗುಚಿ ಮಲಗಿಸಿದ್ದು ಬೇರೆ ಯಾರೋ. ಆ ನೀಲಿಗಟ್ಟಿದ ತುಟಿಯನ್ನು ನೋಡಿದ ಮೇಲೆ ವಿಲಿಕೇಸನಿಗೆ ತಾನು ನಿಂತಿದ್ದ ಭಂಗಿಯೇ ಅಸಹ್ಯವಾಯಿತು. ಇಂದಿಗೂ ಅವನು ಸೊಂಟದ ಮೇಲೆ ಕೈಯಿಡುವುದಿಲ್ಲ.

ಆಸ್ಪತ್ರೆಯಲ್ಲಿ ವಸೀತಿ ಬಾಗಿಲ ಈಚೆ ಕೂತಿದ್ದಳು, ವಿಲಿಕೇಸ ಗೋಡೆಯ ಆಚೆ ಬದಿಗೆ. ಒಬ್ಬರ ಮುಖ ಒಬ್ಬರು ನೋಡಲಿಲ್ಲ. ನರ್ಸ್ ಹೊರಗೆ ಬಂದಾಗ ವಸೀತಿ ಅವಳಿಗೇ ಅಂದಳು: "ಅಲ್ಲಿ ಕೂತಿದಾನಲ್ಲ, ಅವನಿಗೆ ಹೇಳಮ್ಮ. ನಾನು ಹೇಳ್ಕಳ್ಸಿದ್ದೆ."

ನರ್ಸ್ ಬಂದು ಹೇಳಿದಳು. ವಿಲಿಕೇಸನಿಗೆ ಮೊದಲೇ ಕೇಳಿಸಿತ್ತು.

ಎಮೋರಿ ಬದುಕಿದ. ಆದರೆ ಹೃದಯ ಅರ್ಧ ಕೆಟ್ಟಿತ್ತು. ಸೈನ್ಯ ಅವನನ್ನು ಮನೆಗೆ ಕಳಿಸಿತು. ವಿಲಿಕೇಸ ಮತ್ತೆ ಮೇಲಿನವರ ಬೆನ್ನು ಹತ್ತಿ ಹಳೆಯ ನಿಯಮವನ್ನು ವಾಪಸು ತರಿಸಿದ. ಕೆಟ್ಟ ಮೇಲೆ ಬಂದ ಬುದ್ಧಿಗೆ ಯಾರು ಶಹಬ್ಬಾಸ್ ಅನ್ನುತ್ತಾರೆ?

ಆಮೇಲೆ ಅವನು ಚಿಕ್ಕಪ್ಪನನ್ನು ಕರೆದುಕೊಂಡು, ಕ್ಷಮೆ ಕೇಳುವವರು ಕೊಡಲೇಬೇಕಾದ ತಿಮಿಂಗಿಲದ ಹಲ್ಲು ಹಿಡಿದು, ಅಕ್ಕನ ಮನೆಯ ಹೊಸಿಲಲ್ಲಿ ತಲೆ ತಗ್ಗಿಸಿ ಕೂತ. ತಪ್ಪು ಒಪ್ಪಿಕೊಳ್ಳುವ ಮಾತನ್ನು ಚಿಕ್ಕಪ್ಪ ಆಡಿದರು. ಎಮೋರಿ ಎರಡೂ ಕೈಯಿಂದ ಹಲ್ಲು ತೆಗೆದುಕೊಂಡು, ಆದದ್ದನ್ನೆಲ್ಲ ಇಲ್ಲಿಗೇ ಹೂತುಬಿಟ್ಟಿದ್ದೇನೆ ಎಂದ. ಒಳಗಿನಿಂದ ವಸೀತಿ ಯಂಗೋನ ಕಳಿಸಿದಳು. ವಿಲಿಕೇಸನಿಗೆ ಎಷ್ಟೋ ದಿನಗಳ ಮೇಲೆ ಜೀವ ಬಂದಂತಾಯಿತು.

"ಏನ್ ತವಾಲೆ, ಒಣಗಿದ ಮೀನಾಗಿದೀಯ! ಈಗ ಓಡಿದ್ರೆ ನನ್ನೂ ಹಿಂದೆ ಹಾಕ್ತೀಯ."

"ಹೌದು, ತೂಕ ಇಳಿದಿದೆ," ಎಂದ ಎಮೋರಿ. "ಡಾಕ್ಟ್ರು ಉಪ್ಪು ಕಮ್ಮಿ ಮಾಡು ಅಂದಿದಾರೆ."

ವಿಲಿಕೇಸ ಮುಂದಿನ ಕೀಟಲೆಗೆ ಕಾದ. ಎಮೋರಿ ಯಂಗೋನದ ಬಟ್ಟಲನ್ನು ಚಿಕ್ಕಪ್ಪನ ಕಡೆ ಸರಿಸಿದ.

"ಉಪ್ಪಿಲ್ದೆ ನಮ್ಮಕ್ಕ ಏನ್ ಅಡುಗೆ ಮಾಡ್ತಾಳೆ, ನಿನ್ನ ಕಣ್ಣೀರು ಹಾಕಿನಾ?"

"ಇಲ್ಲ. ನಿಂಬೆಹಣ್ಣು ಹಿಂಡ್ತಾಳೆ."

ಚಿಕ್ಕಪ್ಪ ಚಾಪೆಯ ಅಂಚು ಕೀಳುತ್ತ ಕೂತರು. ವಿಲಿಕೇಸ ಹತ್ತಿರ ಸರಿದು ಕೇಳಿದ: "ಇನ್ನೂ ಸಿಟ್ಟೇನೋ ನನ್ ಮೇಲೆ?"

"ಹಲ್ಲು ತಗೊಂಡ್ಮೇಲೆ ಎಲ್ಲಿ ಸಿಟ್ಟು ಮಾರಾಯ?" ಎಮೋರಿ ಅವನ ಮೊಣಕಾಲ ಮೇಲೆ ಮೆತ್ತಗೆ ಕೈಯಿಟ್ಟ. "ಮತ್ತೆ ಯಾವತ್ತಾದ್ರೂ ನಾನು ಎದೆನೋವು ಅಂದ್ರೆ ನೀನು ನಂಬಬೇಕಲ್ಲ. ಅದ್ಕೇ ತಮಾಷೆ ಬಿಟ್ಬಿಟ್ಟೆ."